ಮಳೆಯೂರಿನ ಮೇಜಿಗೆ ಒಂದು ಗಟ್ಟಿ ಕೀಬೋರ್ಡ್: ಕೊಡಗಿನಲ್ಲಿ ಕನ್ನಡ ಟೈಪ್ ಮಾಡುವವರು ಮೆಕ್ಯಾನಿಕಲ್ ಆರಿಸುವ ಬಗೆ

ಬೇಗ ಟೈಪ್ ಮಾಡಬೇಕು ಅಂತ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀ ಕೆಳಗೂ ಸ್ಪ್ರಿಂಗಿನ ಬೇರೆ ಸ್ವಿಚ್ ಇರುವಂಥದ್ದು) ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ‘ಸ್ಪೀಡ್ ಸ್ವಿಚ್’, ‘8000 ಹರ್ಟ್ಜ್’ (ಸೆಕೆಂಡಿಗೆ 8000 ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು), ‘ಗೇಮಿಂಗ್’ ಎಂಬ ಜಾಹೀರಾತು. ಅವನ್ನು ಸದ್ಯ ಪಕ್ಕಕ್ಕಿಡಿ. ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ 60 ಪದ, ಪದಕ್ಕೆ 5 ಕೀ ಅಂದುಕೊಳ್ಳಿ. ಸೆಕೆಂಡಿಗೆ 5 ಕೀ ಆಯಿತು. ಒಂದು ಕೀಗೂ ಇನ್ನೊಂದಕ್ಕೂ ನಡುವೆ 200 ಮಿಲಿಸೆಕೆಂಡ್ ಇದೆ. ಸೆಕೆಂಡಿಗೆ 125 ಸಲ ಮಾತ್ರ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಮಾಮೂಲಿ ಕೀಬೋರ್ಡ್ ಕೂಡ ಇದರಲ್ಲಿ ಹೆಚ್ಚೆಂದರೆ 8 ಮಿಲಿಸೆಕೆಂಡ್ ತಡ ಮಾಡುತ್ತದೆ. ಅದು ಯಾರ ಬೆರಳಿಗೂ ಗೊತ್ತಾಗುವುದಿಲ್ಲ.

ಆದರೆ ಒಂದು ಅಕ್ಷರ ತಪ್ಪಿದರೆ? ಅದನ್ನು ಗಮನಿಸಬೇಕು, ಬ್ಯಾಕ್‌ಸ್ಪೇಸ್ ಒತ್ತಬೇಕು, ಮತ್ತೆ ಬರೆಯಬೇಕು. ಒಂದೆರಡು ಸೆಕೆಂಡು ಸುಮ್ನೆ ಹೋಯಿತು. ಹಾಗಾಗಿ ಅಲುಗಾಡದ, ಒಂದು ಸಲ ಒತ್ತಿದರೆ ಒಂದೇ ಅಕ್ಷರ ಕೊಡುವ ಕೀಬೋರ್ಡೇ ನಿಜವಾದ ‘ಸ್ಪೀಡ್’ ಕೀಬೋರ್ಡ್. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿದು. ಇಲ್ಲಿ ತೇವ ತಡೆಯದ ಕೀಬೋರ್ಡ್ ಎಷ್ಟು ಚೆಂದ ಇದ್ದರೂ ಒಂದೆರಡು ಮಳೆಗಾಲದಲ್ಲಿ ಕೈಕೊಡಬಹುದು.

ಮೊದಲು: ನೀವು ಕನ್ನಡ ಬರೆಯುವುದು ಯಾವ ವಿನ್ಯಾಸದಲ್ಲಿ?

ಕೀಬೋರ್ಡ್ ಬಗ್ಗೆ ಬರುವ ಸಲಹೆಗಳೆಲ್ಲ ಇಂಗ್ಲಿಷ್ ಟೈಪ್ ಮಾಡುವವರಿಗೆ ಬರೆದವು. ಕನ್ನಡದ ಲೆಕ್ಕ ಬೇರೆ. ಯಾವ ಕೀ ಮೇಲೆ ಎಷ್ಟು ಕೆಲಸ ಬೀಳುತ್ತದೆ ಎಂಬುದು ನಿಮ್ಮ ವಿನ್ಯಾಸದ ಮೇಲೆ, ಅಂದರೆ ಯಾವ ಅಕ್ಷರ ಯಾವ ಕೀಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಇದನ್ನೇ ನೋಡಿಕೊಳ್ಳಿ.

ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಜಾಸ್ತಿ ಬಳಕೆ ‘ನುಡಿ’ ತಂತ್ರಾಂಶದ್ದು. ಅದರಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇದರಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಣ, ಳ, ಶ, ಅನುಸ್ವಾರ ಎಲ್ಲಕ್ಕೂ ಶಿಫ್ಟ್ ಬೇಕು. ನಮ್ಮ ಊರುಗಳ ಹೆಸರನ್ನೇ ಬರೆದು ನೋಡಿ. ‘ಕೊಡಗು’ ಬರೆಯಲು 5 ಕೀ, ಶಿಫ್ಟ್ ಬೇಡವೇ ಬೇಡ. ‘ಮಡಿಕೇರಿ’ಗೆ 7 ಕೀ, ಒಂದು ಶಿಫ್ಟ್. ‘ಗೋಣಿಕೊಪ್ಪ’ಕ್ಕೆ 9 ಕೀ, ಎರಡು ಶಿಫ್ಟ್. ‘ಸೋಮವಾರಪೇಟೆ’ಗೆ 10 ಕೀ, ಮೂರು ಶಿಫ್ಟ್. ‘ಭಾಗಮಂಡಲ’ಕ್ಕೆ ಇರುವುದೇ 7 ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್. ಇನ್ನು ನಾವು ದಿನಾ ಬರೆಯುವ ‘ಕಾಫಿ’? 4 ಕೀಯಲ್ಲಿ ಎರಡು ಶಿಫ್ಟ್! ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಶಿಫ್ಟ್ ಒತ್ತಿದರೆ ಹೆಚ್ಚು. ನುಡಿಯಲ್ಲಿ ಪದಕ್ಕೆ ಒಂದೆರಡು ಸಲ. ಅಂದರೆ ನುಡಿ ಬಳಸುವವರ ಕೀಬೋರ್ಡಿನಲ್ಲಿ ಮೊದಲು ಪರೀಕ್ಷೆ ಮಾಡಬೇಕಾದ್ದು ಎರಡೂ ಶಿಫ್ಟ್ ಕೀಗಳನ್ನು.

ಭಾರತೀಯ ಭಾಷೆಗಳಿಗೆಲ್ಲ ಸರ್ಕಾರ ಗೊತ್ತುಮಾಡಿದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸ ಬಳಸುವವರಿಗೆ ಶಿಫ್ಟ್ ಕಾಟ ಕಡಿಮೆ. ‘ಸೋಮವಾರಪೇಟೆ’ ಶಿಫ್ಟ್ ಇಲ್ಲದೆ ಮುಗಿಯುತ್ತದೆ. ಆದರೆ ಟ, ಡ, ಚ, ಯ ಎಲ್ಲ ಬಲಗೈ ಕಿರುಬೆರಳಿನ ಕಡೆ ಕೂತಿವೆ. ಇನ್ನೊಂದು ಪೇಚು ಇದೆ. ‘ೊ’ ಕಾರ ಇರುವುದು 1ರ ಎಡಕ್ಕಿರುವ, ಎಸ್ಕೇಪ್ ಕೆಳಗಿನ ಮೂಲೆಯ ಕೀಯಲ್ಲಿ. 60 ಮತ್ತು 65 ಶೇಕಡಾ ಗಾತ್ರದ ಪುಟ್ಟ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಆ ಜಾಗಕ್ಕೆ ಎಸ್ಕೇಪ್ ಬಂದು ಕೂತಿರುತ್ತದೆ. ಮೂಲ ಕೀ ಬೇಕೆಂದರೆ ಎಫ್‌ಎನ್ (Fn) ಕೀ ಜೊತೆ ಒತ್ತಬೇಕು. ‘ಕೊಡಗು’ ಅಂತ ಬರೆಯಲಿಕ್ಕೇ ಎರಡು ಕೈ ಸರ್ಕಸ್ ಮಾಡಬೇಕಾದ ಕೀಬೋರ್ಡು ಕೊಡಗಿನವರಿಗೆ ಯಾಕೆ ಬೇಕು, ಹೇಳಿ.

ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಸುವವರೂ ಬಹಳ ಮಂದಿ. ಅವರಿಗೆ ದೊಡ್ಡ ಶತ್ರು ಒಂದೊತ್ತಿಗೆ ಎರಡು ಅಕ್ಷರ ಬೀಳುವುದು. ಎ ಕೀ ಎರಡು ಸಲ ಬಿದ್ದರೆ ‘ಮಲೆ’ ಹೋಗಿ ‘ಮಾಲೆ’ ಆಗುತ್ತದೆ, ‘ಕಡು’ ಹೋಗಿ ‘ಕಾಡು’ ಆಗುತ್ತದೆ. ಎರಡೂ ಸರಿಯಾದ ಪದಗಳೇ. ಕಾಗುಣಿತ ನೋಡುವ ತಂತ್ರಾಂಶಕ್ಕೂ ಇದು ಸಿಗುವುದಿಲ್ಲ.

ಗಾತ್ರ

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೋಟದ ಲೆಕ್ಕ, ಜಿಎಸ್‌ಟಿ ಬಿಲ್ಲು, ಹೋಂಸ್ಟೇ ರಿಜಿಸ್ಟರ್ ಅಂತ ದಿನವೂ ಅಂಕಿ ತುಂಬಿಸುವವರಿಗೆ ಬಲಗಡೆ ನಂಬರ್ ಪ್ಯಾಡ್ ಇರುವ 104 ಕೀಗಳ ಪೂರ್ತಿ ಗಾತ್ರವೇ ಸರಿ. ಬರವಣಿಗೆಯೇ ಮುಖ್ಯ ಅಂದರೆ ನಂಬರ್ ಪ್ಯಾಡ್ ಇಲ್ಲದ 87 ಕೀಗಳ ‘ಟಿಕೆಎಲ್’ ತೆಗೆದುಕೊಳ್ಳಿ. ಮೌಸ್ ಹತ್ತಿರ ಬರುತ್ತದೆ, ಭುಜಕ್ಕೆ ಆರಾಮ. 75 ಶೇಕಡಾ ಗಾತ್ರವೂ ಆಗಬಹುದು, ಆದರೆ ಅದರಲ್ಲಿ ಬಲಗಡೆ ಶಿಫ್ಟ್ ಚಿಕ್ಕದಾಗಿರುತ್ತದೆ. ನುಡಿಯಲ್ಲಿ ‘ಾ’ ಬರಬೇಕಾದರೆ ಎಡಗೈ ಎ ಒತ್ತುತ್ತದೆ, ಬಲಗೈ ಕಿರುಬೆರಳು ಬಲ ಶಿಫ್ಟ್ ಒತ್ತಬೇಕು. ಆ ಕೀ ಕಿರಿದಾದಷ್ಟೂ ಬೆರಳು ಪಕ್ಕದ ಬಾಣದ ಕೀ ಮೇಲೆ ಬೀಳುತ್ತದೆ. ಹಾಗೆಯೇ ಎಡ ಶಿಫ್ಟ್ ಗಿಡ್ಡವಾಗಿದ್ದು, ಅದಕ್ಕೂ ಝಡ್ ಕೀಗೂ ನಡುವೆ ಇನ್ನೊಂದು ಕೀ ತೂರಿಸಿರುವ ಯುರೋಪಿನ ವಿನ್ಯಾಸದ ಮಾಡೆಲ್ ಬೇಡ. ನಮ್ಮಲ್ಲಿ ರೂಢಿಯಲ್ಲಿರುವುದು ಅಮೆರಿಕದ ವಿನ್ಯಾಸ. ಆನ್‌ಲೈನ್‌ನಲ್ಲಿ ತರಿಸುವಾಗ ಫೋಟೋ ದೊಡ್ಡದು ಮಾಡಿ ಇದನ್ನು ನೋಡಿಕೊಳ್ಳಿ.

ಅಲುಗಾಟ ಪರೀಕ್ಷೆ

ಇದಕ್ಕೆ ಸ್ವಲ್ಪ ಸಮಯ ಕೊಡಿ. ಕೀಬೋರ್ಡ್ ‘ಗಟ್ಟಿ’ ಅನ್ನುವುದು ನಾಲ್ಕು ಜಾಗದಲ್ಲಿ ತಿಳಿಯುತ್ತದೆ.

ಮೊದಲನೆಯದು ಸ್ಟೆಬಿಲೈಜರ್. ಸ್ಪೇಸ್ ಬಾರ್, ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್‌ನಂಥ ಉದ್ದ ಕೀಗಳ ಕೆಳಗೆ ಸ್ವಿಚ್ ಇರುವುದು ನಡುವೆ ಒಂದೇ. ತುದಿ ಒತ್ತಿದರೂ ಕೀ ಸಮವಾಗಿ ಇಳಿಯಲಿ ಅಂತ ಎರಡೂ ಕಡೆ ಒಂದು ತಂತಿ ಹಾಕಿರುತ್ತಾರೆ. ಆ ಜೋಡಣೆಯೇ ಸ್ಟೆಬಿಲೈಜರ್. ಶಿಫ್ಟ್‌ನ ಎಡ ತುದಿ ಒತ್ತಿ, ಬಲ ತುದಿ ಒತ್ತಿ, ನಡುವೆ ಒತ್ತಿ. ಮೂರೂ ಕಡೆ ಒಂದೇ ಥರ ಇಳಿದು ಒಂದೇ ಥರ ಮೇಲೆ ಬರಬೇಕು. ಒಂದು ತುದಿಯಲ್ಲಿ ಸಿಕ್ಕಿಕೊಂಡ ಹಾಗೆ ಅನಿಸಿದರೆ ಆ ಮಾಡೆಲ್ ಬಿಟ್ಟುಬಿಡಿ. ತಂತಿ ‘ಗಲಗಲ’ ಅಂದರೆ ಅದು ಅಷ್ಟು ದೊಡ್ಡ ದೋಷವಲ್ಲ. ಕೀಕ್ಯಾಪ್ (ಕೀ ಮೇಲಿನ ಪ್ಲಾಸ್ಟಿಕ್ ಟೋಪಿ) ತೆಗೆದು ತಂತಿಯ ತುದಿಗೆ ಚೂರು ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸ್ ಹಚ್ಚಿದರೆ ಸದ್ದು ಹೋಗುತ್ತದೆ.

ಎರಡನೆಯದು ಮೈ. ಎರಡು ಕೈಯಲ್ಲಿ ತುದಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಕಿರ್ರೆಂದರೆ ಒಳಗೆ ಬರೀ ತೆಳು ಪ್ಲಾಸ್ಟಿಕ್. ಸ್ವಿಚ್‌ಗಳನ್ನು ಕೂರಿಸುವ ತಟ್ಟೆ ಸ್ಟೀಲ್ ಅಥವಾ ಅಲ್ಯೂಮಿನಿಯಂ ಆಗಿದ್ದರೆ ಬಾಗುವುದು ಕಡಿಮೆ. ಪೂರ್ತಿ ಗಾತ್ರದ್ದು ಒಂದು ಕಿಲೋ ಹತ್ತಿರ ತೂಗಿದರೆ ಒಳ್ಳೆಯ ಲಕ್ಷಣ.

ಮೂರನೆಯದು ಕಾಲು. ಮೇಜಿನ ಮೇಲಿಟ್ಟು ನಾಲ್ಕು ಮೂಲೆಯನ್ನೂ ಒಂದೊಂದಾಗಿ ಒತ್ತಿ. ಕುಂಟಬಾರದು. ಆಮೇಲೆ ಪಕ್ಕದಿಂದ ಬೆರಳಲ್ಲಿ ನೂಕಿ. ಕೆಳಗಿನ ರಬ್ಬರು ಹಿಡಿಯಬೇಕು. ಮನೆಯ ಮೇಜು ಹಳೇ ಮರದ್ದಾಗಿ ಮೇಲ್ಮೈ ಏರುತಗ್ಗು ಇದ್ದರೆ ಕೆಳಗೊಂದು ಚಾಪೆ ಬೇಕಾಗುತ್ತದೆ. ಬಟ್ಟೆಯ ಡೆಸ್ಕ್ ಮ್ಯಾಟ್ ಮಾತ್ರ ತರಬೇಡಿ. ಆಗಸ್ಟ್ ಹೊತ್ತಿಗೆ ಅದಕ್ಕೆ ಬೂಷ್ಟು ಹಿಡಿದಿರುತ್ತದೆ. ರಬ್ಬರಿನದ್ದೋ ಫೋಮ್ ಶೀಟೋ ಆದರೆ ಒರೆಸಿಡಬಹುದು.

ನಾಲ್ಕನೆಯದು ಕೀಗಳ ಓಲಾಟ. ಕೀಯನ್ನು ಒತ್ತದೆ, ಅದರ ತಲೆ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಚೂರು ಅಲ್ಲಾಡುವುದು ಸಹಜ. ಅಕ್ಕಪಕ್ಕದ ಕೀಗೆ ತಾಗುವಷ್ಟು ಓಲಾಡಬಾರದು.

ಸ್ವಿಚ್ ಯಾವುದು?

ಮೆಕ್ಯಾನಿಕಲ್ ಅನ್ನುವುದೇ ಇದಕ್ಕೆ. ಪ್ರತಿ ಕೀ ಕೆಳಗೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್. ಈಗ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ‘ಎಂಎಕ್ಸ್’ ಮಾದರಿಯವು. ಅದರ ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮುಂತಾದ ಕಂಪನಿಗಳೂ ಅದೇ ಅಚ್ಚಿನಲ್ಲಿ ಮಾಡಲು ಶುರು ಮಾಡಿದವು. ಬೆಲೆ ಇಳಿದದ್ದು ಹಾಗೆ.

ಬಣ್ಣದ ಹೆಸರಲ್ಲಿ ಮೂರು ಬಗೆ ನೆನಪಿಟ್ಟುಕೊಂಡರೆ ಸಾಕು. ಕೆಂಪು ನಯವಾಗಿ ನೇರ ಇಳಿಯುತ್ತದೆ, ಸುಮಾರು 45 ಗ್ರಾಂ ಬಲ ಸಾಕು. ಕಂದು ಇಳಿಯುವ ದಾರಿಯಲ್ಲಿ ಒಂದು ಸಣ್ಣ ಉಬ್ಬು ದಾಟುತ್ತದೆ, 55 ಗ್ರಾಂ ಹತ್ತಿರ. ನೀಲಿಯಲ್ಲಿ ಆ ಉಬ್ಬಿನ ಜೊತೆ ‘ಟಿಕ್’ ಅಂತ ಸದ್ದೂ ಇದೆ, 60 ಗ್ರಾಂ. ಚೆರ್ರಿಯ ಕೆಂಪು, ಕಂದು ಎರಡರಲ್ಲೂ ಕೀ ಒಟ್ಟು 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ.ಗೆ ಅಕ್ಷರ ಬೀಳುತ್ತದೆ. ‘ಸ್ಪೀಡ್’ ಅಂತ ಮಾರುವ ಬೆಳ್ಳಿ ಬಣ್ಣದ್ದರಲ್ಲಿ 1.2 ಮಿ.ಮೀ.ಗೇ ಬೀಳುತ್ತದೆ. ಆಟ ಆಡುವವರಿಗೆ ಸರಿ. ಬರೆಯುವವರು ಬೆರಳನ್ನು ಕೀ ಮೇಲೆ ಸುಮ್ನೆ ಇಟ್ಟರೂ ಅಕ್ಷರ ಬೀಳುವ ಭಯ.

ನನ್ನ ಲೆಕ್ಕದಲ್ಲಿ ಕನ್ನಡ ಬರೆಯುವವರಿಗೆ ಕಂದು ಮೊದಲ ಆಯ್ಕೆ. ಉಬ್ಬು ದಾಟಿದ ಕೂಡಲೇ ‘ಬಿತ್ತು’ ಅಂತ ಬೆರಳಿಗೆ ತಿಳಿಯುತ್ತದೆ, ತಳದವರೆಗೆ ಗುದ್ದಬೇಕಾಗಿಲ್ಲ. ನುಡಿಯಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು. ‘ಗೋಣಿಕೊಪ್ಪ’ದ ಪ್ಪ ಬರಲು ಪಿ, ಎಫ್, ಪಿ. ಎಫ್ ಬಿತ್ತೋ ಇಲ್ಲವೋ ಅನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ‘ಗೋಣಿಕೊಪಪ’. ಆದರೆ ಬೆರಳು ಹಗುರ ಇರುವವರು, ದಿನಕ್ಕೆ ಏಳೆಂಟು ತಾಸು ಬರೆಯುವವರು ಕೆಂಪನ್ನೂ ನೋಡಬಹುದು.

ನೀಲಿ ಬೇಡ ಅಂತ ನಾನು ಹೇಳುವುದಿಲ್ಲ. ಸದ್ದು ಮಾಡುವ ಸ್ವಿಚ್ ನಮ್ಮ ಡಿಟಿಪಿ ಮಂದಿಗೆ ಹೊಸದಲ್ಲ. ಟಿವಿಎಸ್ ಗೋಲ್ಡ್ ಕೀಬೋರ್ಡಿನ ‘ಟಕ ಟಕ’ ಕೇಳಿಯೇ ಕೆಲಸ ಕಲಿತವರು ಎಷ್ಟೋ ಜನ. ಅದರ ಈಗಿನ ಭಾರತ್ ಮಾಡೆಲ್‌ನಲ್ಲಿ ರೂಪಾಯಿ ಚಿಹ್ನೆಯ ಕೀ ಕೂಡ ಇದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಯಾವ ಸ್ವಿಚ್ ಆದರೂ ಒಂದೇ ಬಿಡಿ, ಯಾರಿಗೂ ಕೇಳುವುದಿಲ್ಲ. ಬೇಸಿಗೆ ರಾತ್ರಿಯಲ್ಲಿ ಮಾತ್ರ ಮನೆಯವರ ಬೈಗುಳ ಗ್ಯಾರಂಟಿ.

ತೇವ: ಇಲ್ಲಿ ತಪ್ಪಿದರೆ ಬೇರೆಲ್ಲ ಸರಿಯಿದ್ದೂ ಉಪಯೋಗವಿಲ್ಲ

ಮಡಿಕೇರಿಯಲ್ಲಿ ವರ್ಷದ ಮಳೆ ಸರಾಸರಿ 3000 ಮಿ.ಮೀ. ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಈಗ ಸ್ವಿಚ್ ಒಳಗೆ ಏನಿದೆ ನೋಡಿ. ಎರಡು ಲೋಹದ ಎಲೆಗಳು. ಕೀ ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ತಾಗುವಾಗ ಸಣ್ಣಗೆ ಪುಟಿಯುವುದು ಸಹಜ. ಆ ಪುಟಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಕೀಬೋರ್ಡಿನ ಚಿಪ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ಆದರೆ ತೇವ, ಧೂಳು ಸೇರಿ ಲೋಹದ ಮೇಲೆ ಕಲೆ ಕಟ್ಟಿದರೆ ಸಂಪರ್ಕ ಬಿಟ್ಟು ಬಿಟ್ಟು ಆಗುತ್ತದೆ. ಚಿಪ್ ಕಾಯುವ ಹೊತ್ತು ಮೀರಿದರೆ ಒಂದು ಒತ್ತಿಗೆ ಎರಡು ಅಕ್ಷರ. ಇಲ್ಲವೇ ಅಕ್ಷರವೇ ಬೀಳುವುದಿಲ್ಲ. ಮೇಲೆ ಹೇಳಿದ ‘ಮಾಲೆ’ ಹುಟ್ಟುವುದು ಹೀಗೆ.

ಇದಕ್ಕೆ ಎರಡು ದಾರಿ ಇವೆ.

ಒಂದು, ‘ಹಾಟ್ ಸ್ವಾಪ್’ ಅಂತ ಬರೆದಿರುವ ಕೀಬೋರ್ಡ್. ಇದರಲ್ಲಿ ಸ್ವಿಚ್‌ಗಳನ್ನು ಬೆಸುಗೆ ಹಾಕಿರುವುದಿಲ್ಲ, ಸಾಕೆಟ್‌ನಲ್ಲಿ ಸಿಕ್ಕಿಸಿರುತ್ತಾರೆ. ಎ ಕೀ ಕೆಟ್ಟರೆ ಡಬ್ಬಿಯಲ್ಲಿ ಬರುವ ಇಕ್ಕಳದಲ್ಲಿ ಕಿತ್ತು ಹೊಸದು ಹಾಕಿದರೆ ಆಯಿತು. ಬೆಸುಗೆ ಬೇಡ, ಮೈಸೂರಿಗೆ ಒಯ್ಯುವುದು ಬೇಡ. ಕೊಡಗಿನಲ್ಲಿ ಕೂತು ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಸಾಕೆಟ್ 5 ಪಿನ್‌ನದ್ದಾದರೆ 3 ಪಿನ್ ಸ್ವಿಚ್ಚೂ ಕೂರುತ್ತದೆ. ಬರೀ 3 ಪಿನ್‌ನದ್ದಾದರೆ 5 ಪಿನ್ ಸ್ವಿಚ್‌ನ ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಬೇಕಾಗುತ್ತದೆ. ಆದ್ದರಿಂದ 5 ಪಿನ್ ಕೇಳಿ.

ಎರಡು, ಲೋಹ ತಾಗುವುದೇ ಬೇಡದ ಸ್ವಿಚ್. ಆಪ್ಟಿಕಲ್ ಬಗೆಯಲ್ಲಿ ಬೆಳಕಿನ ಕಿರಣವೊಂದಕ್ಕೆ ತಡೆ ಬೀಳುತ್ತದೆ ಅಥವಾ ಅದು ಹಾಯುತ್ತದೆ, ಅದನ್ನು ನೋಡಿ ಕೀಬೋರ್ಡು ಅಕ್ಷರ ಕೊಡುತ್ತದೆ. ಹಾಲ್ ಎಫೆಕ್ಟ್ ಬಗೆಯಲ್ಲಿ ಪುಟ್ಟ ಅಯಸ್ಕಾಂತ ಹತ್ತಿರ ಬಂದದ್ದನ್ನು ಸೆನ್ಸರ್ ಅಳೆಯುತ್ತದೆ. ಎರಡರಲ್ಲೂ ಕಲೆ ಕಟ್ಟಲು ಲೋಹದ ಎಲೆ ಇಲ್ಲ. ಹಾಲ್ ಎಫೆಕ್ಟ್‌ನದ್ದಕ್ಕೆ ಬೆಲೆ ಜಾಸ್ತಿ, ಹೆಚ್ಚಿನವು ಉಬ್ಬಿಲ್ಲದ ನಯವಾದ ಬಗೆ, ಮಾರುವುದೂ ಗೇಮಿಂಗ್ ಹೆಸರಲ್ಲಿ. ಆದರೂ ಹಲವು ಮಾಡೆಲ್‌ಗಳಲ್ಲಿ ಎಷ್ಟು ಆಳಕ್ಕೆ ಅಕ್ಷರ ಬೀಳಬೇಕು ಎಂದು ನೀವೇ ಹೊಂದಿಸಬಹುದು. 2 ಮಿ.ಮೀ.ಗೆ ಇಟ್ಟುಕೊಂಡರೆ ಬರವಣಿಗೆಗೆ ಒಗ್ಗುತ್ತದೆ. ಮನೆ ಕಣಿವೆಯಲ್ಲಿದ್ದು ಮೂರು ತಿಂಗಳು ಬಿಸಿಲೇ ಕಾಣದವರು ಇದನ್ನು ಯೋಚಿಸಬಹುದು. ಉಳಿದವರಿಗೆ ಹಾಟ್ ಸ್ವಾಪ್ ಸಾಕು.

ಯಾವುದು ತಂದರೂ ಮಳೆಗಾಲದಲ್ಲಿ ರಾತ್ರಿ ಮುಚ್ಚಿಡಿ. ವಾರಗಟ್ಟಲೆ ಬಳಸುವುದಿಲ್ಲ ಅಂದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೆಚ್ಚಗಿರುತ್ತದೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಹೊಗೆಯ ಜಿಡ್ಡು ಸ್ವಿಚ್ ಒಳಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಕೀಕ್ಯಾಪ್ ಎಲ್ಲ ಬಿಚ್ಚಿ ಬ್ರಷ್ ಆಡಿಸಬೇಕು. ಕೈಲ್ ಪೊಳ್ದ್‌ಗೆ ಕೋವಿ, ಒಡಿಕತ್ತಿ ಒರೆಸಿ ಪೂಜೆಗಿಡುವ ಸೆಪ್ಟೆಂಬರ್ ಮೊದಲ ವಾರ ಇದಕ್ಕೂ ಒಳ್ಳೆಯ ಹೊತ್ತು. ನಮ್ಮ ಆಯುಧವೂ ಅದೇ ಅಲ್ವಾ.

ಬೆಲ್ಲದ ಕಾಫಿ ಚೆಲ್ಲಿದರೆ ತಕ್ಷಣ ಕೇಬಲ್ ಕಿತ್ತು ಬೋರಲು ಹಾಕಿ. ಹಾಟ್ ಸ್ವಾಪ್ ಆದರೆ ನೆಂದ ಸ್ವಿಚ್‌ಗಳನ್ನು ತೆಗೆದು ಬೇರೆ ಒಣಗಿಸಿ. ಅಂಟು ಹಿಡಿದವನ್ನು ತೊಳೆಯುವುದಕ್ಕಿಂತ ಬದಲಿಸುವುದು ಸುಲಭ. ಪೂರ್ತಿ ಒಣಗುವವರೆಗೆ ಕರೆಂಟ್ ಕೊಡಬೇಡಿ. ಮಳೆಗಾಲದಲ್ಲಿ ಅದಕ್ಕೆ ಎರಡು ಮೂರು ದಿನ ಬೇಕಾಗಬಹುದು.

ಕೇಬಲ್ಲೋ, ಬ್ಲೂಟೂತೋ?

ಕೇಬಲ್. ಬ್ಲೂಟೂತ್ ಕೀಬೋರ್ಡು ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆ ಹೋಗುತ್ತದೆ. ಎದ್ದೇಳುವಾಗ ಎಷ್ಟೋ ಮಾಡೆಲ್‌ಗಳು ಮೊದಲ ಒಂದೆರಡು ಅಕ್ಷರ ನುಂಗಿಬಿಡುತ್ತವೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಚಾರ್ಜ್ ಮಾಡಬೇಕಾದ ವಸ್ತು ಒಂದು ಕಡಿಮೆ ಇದ್ದರೆ ಒಳ್ಳೆಯದೇ. ಕೇಬಲ್ ಕಿತ್ತು ಹಾಕುವ ಟೈಪ್-ಸಿ ಆಗಿರಲಿ, ಹಾಳಾದರೆ ಬೇರೆ ಸಿಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ಕೀಗಳ ಬಣ್ಣದ ದೀಪ ಆರಿಸಿ. ಸಿಡಿಲು ಹೊಡೆಯುವಾಗ ಲ್ಯಾಪ್‌ಟಾಪ್ ಚಾರ್ಜರನ್ನೂ ಗೋಡೆಯಿಂದ ಕಿತ್ತಿಡಿ.

ಕೀಕ್ಯಾಪ್

ಎಬಿಎಸ್ ಪ್ಲಾಸ್ಟಿಕ್ಕಿನವು ಕೆಲವೇ ತಿಂಗಳಲ್ಲಿ ಹೊಳಪಾಗಿ ಜಾರತೊಡಗುತ್ತವೆ. ಪಿಬಿಟಿ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನವು ಒರಟಾಗಿಯೇ ಬಹಳ ಕಾಲ ಉಳಿಯುತ್ತವೆ. ಒದ್ದೆ ಕೈಯ ಕಾಲದಲ್ಲಿ ಈ ಒರಟುತನ ಬೇಕು. ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಬೇಡಿ. ತೇವಕ್ಕೆ ಅಂಚು ಏಳುತ್ತದೆ, ಬೆರಳು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ವಿನ್ಯಾಸದ ಚಿತ್ರವನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ಕೀ ನೋಡದೆ ಬರೆಯಲು ಕಲಿಯಿರಿ.

ಕೊಳ್ಳುವುದು, ಕೊಂಡ ಮೇಲೆ ಪರೀಕ್ಷಿಸುವುದು

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಅಂಗಡಿಗಳಲ್ಲಿ ಮೆಕ್ಯಾನಿಕಲ್ ಮಾಡೆಲ್‌ಗಳ ಆಯ್ಕೆ ಕಡಿಮೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಬೇರೆ ಕೆಲಸಕ್ಕೆ ಹೋದಾಗ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಕೆಂಪು, ಕಂದು ಎರಡನ್ನೂ ಐದೈದು ನಿಮಿಷ ಒತ್ತಿ ನೋಡಿ ಬನ್ನಿ. ಬೆಂಗಳೂರಿಗೆ ಹೋಗುವವರಿಗೆ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆ ಇದ್ದೇ ಇದೆ. ಬೆರಳಿಗೆ ಯಾವುದು ಒಗ್ಗಿತು ಅಂತ ತಿಳಿದ ಮೇಲೆ ಆನ್‌ಲೈನ್‌ನಲ್ಲಿ ತರಿಸಿದರೂ ಅಡ್ಡಿಯಿಲ್ಲ. ತುಂಬಾ ಅಗ್ಗದ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಕಡಿತ ಬೀಳುವುದು ಸ್ಟೆಬಿಲೈಜರ್‌ಗೆ ಮತ್ತು ಕೀಕ್ಯಾಪ್‌ಗೆ. ದುಡ್ಡು ಹಾಕುವುದಿದ್ದರೆ ದೀಪಕ್ಕಲ್ಲ, ಇವೆರಡಕ್ಕೆ ಹಾಕಿ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ವಾಪಸ್ ಕೊಡುವ ಅವಧಿ ಬೇಗ ಮುಗಿಯುತ್ತದೆ, ಮಳೆಗಾಲದಲ್ಲಿ ಕೊರಿಯರ್‌ನವರು ತೋಟದ ಒಳಗೆ ಬರುವುದೂ ನಿಧಾನ. ಮೊದಲು ಅಲುಗಾಟ ಪರೀಕ್ಷೆ ಪೂರ್ತಿ ಮಾಡಿ. ಆಮೇಲೆ ಖಾಲಿ ಕಡತ ತೆರೆದು ಪ್ರತಿ ಕೀಯನ್ನೂ ಇಪ್ಪತ್ತು ಸಲ ನಿಧಾನವಾಗಿ ಒತ್ತಿ. ಇಪ್ಪತ್ತೊಂದು ಅಕ್ಷರ ಬಿದ್ದರೆ ಆ ಸ್ವಿಚ್‌ನಲ್ಲಿ ದೋಷ. ಕೊನೆಗೆ ಎಡ ಶಿಫ್ಟ್ ಒತ್ತಿಹಿಡಿದು ಬೇರೆ ಎರಡು ಕೀ ಒಟ್ಟಿಗೆ ಒತ್ತಿ. ಬಲ ಶಿಫ್ಟ್‌ನಲ್ಲೂ ಹಾಗೆಯೇ. ವೇಗವಾಗಿ ಬರೆಯುವಾಗ ಒಂದು ಬೆರಳು ಏಳುವ ಮೊದಲೇ ಇನ್ನೊಂದು ಇಳಿದಿರುತ್ತದೆ. ಶಿಫ್ಟ್ ಸೇರಿದರೆ ಮೂರು ಕೀ. ಮೂರೂ ದಾಖಲಾಗಬೇಕು. ಡಬ್ಬಿಯ ಮೇಲೆ ‘ಎನ್-ಕೀ ರೋಲ್‌ಓವರ್’ ಅಂತ ಇದ್ದರೆ ಈ ಚಿಂತೆ ಇಲ್ಲ. 6 ಕೀ ಅಂತ ಇದ್ದರೂ ಬರವಣಿಗೆಗೆ ಧಾರಾಳ.

ಮೆಕ್ಯಾನಿಕಲ್ ಕೀಬೋರ್ಡು ಎತ್ತರ. ಮಣಿಕಟ್ಟು ಮೇಲಕ್ಕೆ ಬಾಗಿದರೆ ಬೇಗನೆ ನೋವು ಶುರುವಾಗಬಹುದು. ಕೀಬೋರ್ಡಿನ ಹಿಂದಿನ ಕಾಲು ಮಡಚಿ ಇಡಿ. ಕೈ ಇಡಲು ಮುಂದೆ ಒಂದು ಹಲಗೆ ಬೇಕು. ಅಂಗಡಿಯದ್ದೇ ಆಗಬೇಕೆಂದಿಲ್ಲ. ಬಡಗಿಯ ಹತ್ತಿರ ಬಿದ್ದಿರುವ ಸಿಲ್ವರ್ ಓಕ್ ತುಂಡನ್ನು ಕೀಬೋರ್ಡಿನ ಮುಂದಿನ ಅಂಚಿನ ಎತ್ತರಕ್ಕೆ ಕೆತ್ತಿಸಿ, ಉಜ್ಜಿಸಿ, ಪಾಲಿಶ್ ಹಾಕಿಸಿದರೆ ಸಾಕು.

ಇನ್ನೊಂದು. ಹಾಟ್ ಸ್ವಾಪ್ ತಗೊಂಡರೆ ಅದೇ ದಿನ ಅದೇ ಬಗೆಯ ಸ್ವಿಚ್ ಹತ್ತು ಹೆಚ್ಚಿಗೆ ತರಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಹಾಕಿಡಿ. ಒಂದೆರಡು ವರ್ಷ ಬಿಟ್ಟು ಹುಡುಕಿದರೆ ಅದೇ ಸ್ವಿಚ್ ಸಿಗದೆ ಹೋಗಬಹುದು. ಮೊದಲು ಕೆಡುವುದು ಬಹುಪಾಲು ಎ, ಎಫ್, ಸ್ಪೇಸ್, ಇಲ್ಲವೇ ಎಡ ಶಿಫ್ಟ್.